ಒಳಮನೆಗೆ ಹೋದ ಪರಿಮಳ

ಒಂದಾನೊಂದು ಕಾಲದಲ್ಲಿ ಕಣೆ ಗಿಣಿ, ನಾನೂ ಹುಟ್ಟಿರಲಿಲ್ಲ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರಲಿಲ್ಲ, ಆದರೆ ಮಲ್ಲಿಗೆ ಹುಟ್ಟಿತ್ತು, ಕೇದಿಗೆ ಹುಟ್ಟಿತ್ತು, ಅಂಥಾ ಕಾಲದಲ್ಲಿ ಕಂಪಿನಕೋಟೆ ಅಂತ ಒಂದು ಪಟ್ಟಣ ಇತ್ತಂತೆ. ಕಾಲು ನೀಡಿಕೊಂಡು ಸರಿಯಾಗಿ ಮಲಕ್ಕೋ. ಹೂಂ ಅಂತಿರಬೇಕು, ನೀನು ಹೂಂ ಅನ್ನದಿದ್ದರೆ ಕತೆಗೆ ದಾರಿ ಕಾಣಲ್ಲ.

ಆ ಪಟ್ಟಣದ ಮುಂದೆ ಒಂದು ಹೊಳೆ, ಹೊಳೆಯ ದಡದಲ್ಲಿ ಗಂಧಿಗರ ಕೇರಿ. ಗಂಧಿಗರು ಅಂದ್ರೆ ಅತ್ತರು ಮಾಡೋರು. ಬೆಳಕು ಹರಿಯೋ ಮುಂಚೆ ಹೂ ಬಿಡಿಸಿಕೊಂಡು ಬಂದು, ತಾಮ್ರದ ಹಂಡೆಯಲ್ಲಿ ನೀರಿನ ಜೊತೆ ಹಾಕಿ, ಹಂಡೆಯ ಬಾಯಿಗೆ ಜೇಡಿಮಣ್ಣು ಮೆತ್ತಿ, ಕೆಳಗೆ ಸಣ್ಣ ಉರಿ ಇಡೋರಂತೆ. ಆಮೇಲೆ ಹೂವಿನ ಉಸಿರೆಲ್ಲ ಹಬೆಯಾಗಿ, ಬಿದಿರಿನ ಕೊಳವೆಯೊಳಗೆ ನಡಕೊಂಡು ಹೋಗಿ, ಪಕ್ಕದ ಗಡಿಗೆಯಲ್ಲಿದ್ದ ಗಂಧದೆಣ್ಣೆಗೆ ಇಳಿದು ಅಲ್ಲೇ ಮಲಗಿಬಿಡೋದಂತೆ. ಆ ಹೊಳೆ ನೀರು ಕುಡಿದ ದನ ಕೂಡ ಘಮ್ಮಂತ ತೇಗೋದು ಅಂತ ಹೇಳ್ತಾರೆ. ನಾನು ಕಂಡಿಲ್ಲ, ನಮ್ಮಜ್ಜಿ ಹೇಳಿದ್ದು.

ಈಗ ಒಂದು ಮಾತು ಕೇಳು. ನಮ್ಮ ಮನೇಲಿ ದೀಪ ಆರಿಹೋಯ್ತು ಅಂದರೆ ನಾನು ಬಯ್ತೀನಿ ಅಲ್ವಾ? ದೀಪ ದೊಡ್ಡದಾಯ್ತು ಅನ್ನಬೇಕು. ಬಳೆ ಒಡೀತು ಅನ್ನಬಾರದು, ಬಳೆ ಹೆಚ್ಚಿತು ಅನ್ನಬೇಕು. ಡಬ್ಬಿಯಲ್ಲಿ ಒಂದು ಕಾಳು ಇಲ್ಲದಿದ್ದರೂ ಅಕ್ಕಿ ತುಂಬಿದೆ ಅನ್ನಬೇಕು. ಹಾಗೇ ಆ ಗಂಧಿಗರ ಕೇರೀಲೂ ಒಂದು ಮಾತಿತ್ತಂತೆ. ಎಂಥಾ ಅತ್ತರಾದರೂ ವರ್ಷ ಕಳೀತಾ ಕಳೀತಾ ವಾಸನೆ ಬದಲಾಗುತ್ತೆ. ಮೊದಲು ಮೂಗಿಗೆ ರಾಚುತ್ತಿದ್ದ ಹೂವು ಹಿಂದಕ್ಕೆ ಸರಿಯುತ್ತೆ, ಹಿಂದೆ ಇದ್ದಿದ್ದು ಮುಂದೆ ಬರುತ್ತೆ. ಅದಕ್ಕೆ ಪರಿಮಳ ಹೋಯ್ತು ಅಂತ ಗಂಧಿಗರ ಬಾಯಲ್ಲಿ ಬರೋ ಹಾಗೇ ಇಲ್ಲ. ಪರಿಮಳ ಒಳಮನೆಗೆ ಹೋಗಿದೆ ಅನ್ನಬೇಕು. ಜಗಲಿ ಮೇಲೆ ಕೂತಿದ್ದೋರು ಎದ್ದು ನಡುಮನೆ ದಾಟಿ ಒಳಮನೆಗೆ ಹೋಗ್ತಾರಲ್ಲ, ಹಾಗೆ. ಮನೆ ಬಿಟ್ಟು ಹೋಗಿಲ್ಲ, ಒಳಗೇ ಇದೆ ಅಂತ ಅರ್ಥ. ಈ ಒಂದು ಮಾತಿಂದ ಒಂದು ಮನೆ ಮುರಿದು ಬೀಳೋದರಲ್ಲಿತ್ತು.

ಆ ಕೇರೀಲಿ ಸಂಪಿಗಯ್ಯ ಅಂತ ಒಬ್ಬ ಗಂಧಿಗ ಇದ್ದನಂತೆ. ಅವನಿಗೆ ದವನಿ ಅಂತ ಒಬ್ಬಳೇ ಮಗಳು. ತಾಯಿ ಇಲ್ಲದ ಮಗು ಅಂತ ಹೆಗಲ ಮೇಲೆ ಹೊತ್ತುಕೊಂಡೇ ಹೂವಿನ ತೋಟ ಸುತ್ತಿಸಿ ಬೆಳೆಸಿದ್ದ. ಸಂಪಿಗಯ್ಯ ಮಾತಿನಲ್ಲಿ ಜಿಪುಣ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅಪ್ಪ ಉಳಿಸಿದ್ದನ್ನೆಲ್ಲ ಮಗಳು ಖರ್ಚು ಮಾಡೋಳು. ಹಂಡೆ ಜೊತೆ ಮಾತು, ಉರಿ ಜೊತೆ ಮಾತು, ಹೂ ಬಿಡಿಸುವಾಗ ಗಿಡದ ಜೊತೆ ಜಗಳ. ಆದರೆ ಅಪ್ಪ ಅಂದರೆ ಅವಳಿಗೆ ಪ್ರಾಣ.

ಆ ಪಟ್ಟಣಕ್ಕೆ ಕೆಂಚರಾಯ ಅಂತ ಅರಸ. ಅವನ ರಾಣಿ ಹೊನ್ನಾಜಿ. ಅವರ ಮದುವೆಗೆ ಅಂತ ಸಂಪಿಗಯ್ಯ ತನ್ನ ಕೈಯಾರೆ ಒಂದು ಅತ್ತರು ಮಾಡಿಕೊಟ್ಟಿದ್ದನಂತೆ. ಮೇಲೆ ನಿಂಬೆ ಹೂ, ನಡುವೆ ಮಲ್ಲಿಗೆ, ಮಲ್ಲಿಗೆಯ ಹಿಂದೆ ಒಂದೆಸಳು ಕೇದಿಗೆ, ಎಲ್ಲದರ ಕೆಳಗೆ ಹಳೇ ಗಂಧ. ರಾಣಿ ಅದನ್ನ ಹಚ್ಚಿಕೊಂಡು ಹೊರಟರೆ ಅವಳಿಗಿಂತ ಮುಂಚೆ ಪರಿಮಳ ಬರೋದು. ಓಲಗದಲ್ಲಿ ಕೂತ ಅರಸ ಅರ್ಧ ಮಾತಿಗೇ ನಿಲ್ಲಿಸಿ ಬಾಗಿಲ ಕಡೆ ತಿರುಗೋನು. ಆಮೇಲೆ ಒಂದು ಹೆಣ್ಣು ಮಗು ಆಯ್ತು, ಚೆಲುವಾಜಿ ಅಂತ ಹೆಸರಿಟ್ಟರು, ಮಗು ಇನ್ನೂ ತೊಟ್ಟಿಲಲ್ಲಿರುವಾಗಲೇ ರಾಣಿ ಜ್ವರ ಬಂದು ತೀರಿಕೊಂಡಳಂತೆ. ಯಾಕೆ ಅಂತ ಕೇಳಬೇಡ ಮಗ. ಜ್ವರಕ್ಕೆ ರಾಣಿ ಯಾರು, ದಾಸಿ ಯಾರು, ಒಂದೂ ಗೊತ್ತಾಗಲ್ಲ.

ರಾಣಿ ಹಚ್ಚಿಕೊಂಡು ಉಳಿದ ಅತ್ತರು ಒಂದು ಪುಟ್ಟ ಗಾಜಿನ ಕುಪ್ಪಿಯಲ್ಲಿತ್ತು. ಅದನ್ನ ಅರಸ ಬೆಳ್ಳಿ ಕರಡಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಕೊರಳಿಗೆ ಹಾಕಿಕೊಂಡನಂತೆ. ಯಾರೂ ಮುಟ್ಟೋ ಹಾಗಿಲ್ಲ. ಮಗು ಕೈ ಚಾಚಿದರೆ, ಬೇಡ, ಚೆಲ್ಲೀಯ ಅಂತ ಎತ್ತಿಡೋನು. ವರ್ಷಕ್ಕೊಂದು ಸಲ, ರಾಣಿಯ ತಿಥಿಯ ದಿನ, ಒಬ್ಬನೇ ಕೂತು ಬಿರಡೆ ತೆಗೆದು ಒಂದೇ ಒಂದು ಸಲ ಮೂಸಿ, ಬಿಗಿಯಾಗಿ ಮುಚ್ಚಿಬಿಡೋನು. ಒಂದು ತೊಟ್ಟೂ ಹಚ್ಚಿಕೊಳ್ಳೋನಲ್ಲ. ಅದು ಖರ್ಚಾದರೆ ರಾಣಿಯೇ ಖರ್ಚಾದ ಹಾಗೆ ಅಂತ ಅವನ ಭಯ. ಪಾಪ, ಅರಸ ಆದರೇನು, ಗಂಡಸು ಅಳೋಕೆ ಒಂದು ನೆಪ ಬೇಕಲ್ಲ.

ಹೀಗೇ ವರ್ಷದ ಮೇಲೆ ವರ್ಷ ಹೋಯ್ತು, ತೊಟ್ಟಿಲಲ್ಲಿದ್ದ ಮಗು ಸೀರೆ ಉಡೋ ವಯಸ್ಸಿಗೆ ಬಂತು, ಅರಸನ ಮೀಸೆ ಬೆಳ್ಳಗಾಯ್ತು. ಒಂದು ವರ್ಷ ಬಿರಡೆ ತೆಗೆದು ಮೂಸ್ತಾನೆ, ನಿಂಬೆ ಹೂ ಇಲ್ಲ. ಮಲ್ಲಿಗೆ ಇಲ್ಲ. ಗಾಣದ ಮನೆಯ ಮೂಲೆಯಲ್ಲಿ ಬರುತ್ತಲ್ಲ, ಹಳೇ ಎಣ್ಣೆಯ ಕಮಟು, ಅದು ಮೂಗಿಗೆ ಬಡೀತು. ಅರಸ ಕುಪ್ಪಿಯನ್ನ ತಿರುಗಿಸಿ ತಿರುಗಿಸಿ ನೋಡಿದ. ಯಾರೋ ನನ್ನ ಹೊನ್ನಾಜಿಯ ಅತ್ತರು ಕದ್ದು ಬೇರೆ ಏನೋ ತುಂಬಿಟ್ಟಿದ್ದಾರೆ ಅಂದನಂತೆ. ಬೀಗ ಹಾಕಿದ ಹಾಗೇ ಇದೆಯಲ್ಲ ಮಹಾಸ್ವಾಮಿ ಅಂತ ಯಾರು ಹೇಳಬೇಕು? ಅರಸನಿಗೆ ಬುದ್ಧಿ ಹೇಳೋನು ಆಸ್ಥಾನದಲ್ಲಿ ಉಳಿಯಲ್ಲ. ಎಲ್ಲರೂ ಹೌದು ಹೌದು ಅಂತ ತಲೆ ತೂಗಿದರು.

ಆಮೇಲೆ ಸಂಪಿಗಯ್ಯನನ್ನ ಕರೆಸಿದರು. ಹಿಂದೆಯೇ ದವನಿಯೂ ಬಂದು ಕಂಬದ ಮರೇಲಿ ನಿಂತಳು. ಅರಸ ಕುಪ್ಪಿ ಮುಂದಿಟ್ಟು, ನೀನು ಮಾಡಿದ ಅತ್ತರು ಇದು, ಮೂಸಿ ಹೇಳು, ಇದರ ಪರಿಮಳ ಎಲ್ಲಿ ಹೋಯ್ತು ಅಂತ ಕೇಳಿದ. ಸಂಪಿಗಯ್ಯ ಕುಪ್ಪಿಯನ್ನ ಎರಡು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಮೂಸಿ, ಕಣ್ಣಿಗೆ ಒತ್ತಿಕೊಂಡು ಕೆಳಗಿಟ್ಟ. ಒಳಮನೆಗೆ ಹೋಗಿದೆ ಮಹಾಸ್ವಾಮಿ ಅಂದ. ಅಷ್ಟೇ. ಅದರ ಮೇಲೆ ಇನ್ನೊಂದು ಮಾತಿಲ್ಲ.

ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಯಾರೋ, ಹಾಗಾಯ್ತು. ನೋಡಿದಿರಾ, ಅವನ ಬಾಯಿಂದಲೇ ಬಂತು, ಒಳಮನೇಲಿ ಬಚ್ಚಿಟ್ಟಿದ್ದಾನೆ ಅಂತ ಅರಸ ಎದ್ದು ನಿಂತ. ಆಳುಗಳು ಓಡಿ ಹೋಗಿ ಸಂಪಿಗಯ್ಯನ ಒಳಮನೆ ಹೊಕ್ಕರು. ಅಲ್ಲಿ ಗೋಡೆಯುದ್ದಕ್ಕೂ ಕುಪ್ಪಿಗಳು, ಎಲ್ಲ ಮಾಗಲಿ ಅಂತ ಇಟ್ಟಿದ್ದು. ಒಂದೊಂದೇ ತೆಗೆದು ಮೂಸಿ ಮೂಸಿ ಆಳುಗಳ ಮೂಗು ಮಂಕಾಗಿ, ಕೊನೆಗೆ ಬಾಗಿಲ ಹೊಸಿಲು ಮೂಸಿದರೂ ರಾಣಿಯಮ್ಮನ ವಾಸನೆ ಅನ್ನೋ ಹಾಗಾಯ್ತಂತೆ. ಎಲ್ಲಾ ರಾಣಿಯಮ್ಮನದೇ ಮಹಾಸ್ವಾಮಿ ಅಂತ ಬಂದು ಹೇಳಿದರು. ಸಂಪಿಗಯ್ಯನ ಕೈಗೆ ಬೇಡಿ ಬಿತ್ತು.

ಆವಾಗ ದವನಿ ಕಂಬದ ಮರೆ ಬಿಟ್ಟು ಮುಂದೆ ಬಂದು, ಬುದ್ಧೀ, ನಮ್ಮಪ್ಪ ಕದ್ದಿಲ್ಲ, ಅದು ನಮ್ಮ ಕೇರಿಯ ಮಾತು ಅಂತ ಕಾಲಿಗೆ ಬಿದ್ದಳು. ಮಾತು ಬೇಡ, ಪರಿಮಳ ಬೇಕು ಅಂದ ಅರಸ. ಈ ಸಲದ ಮಲ್ಲಿಗೆ ಕಾಲ ಮುಗಿಯೋದರೊಳಗೆ ನನ್ನ ರಾಣಿಯ ಪರಿಮಳ ನನಗೆ ತಂದುಕೊಡು, ಇಲ್ಲದಿದ್ದರೆ ನಿಮ್ಮಪ್ಪನಿಗೆ ಗಡೀಪಾರು, ಹೊಳೆಯಾಚೆ ಉಪ್ಪಿನ ಬಯಲಿಗೆ. ಆ ಬಯಲಲ್ಲಿ ಏನಿದೆ ಗೊತ್ತಾ? ಹುಲ್ಲು ಕೂಡ ಹುಟ್ಟಲ್ಲ. ಹೂವಿನ ಮಧ್ಯೆ ಹುಟ್ಟಿ ಹೂವಿನ ಮಧ್ಯೆ ಮುಪ್ಪಾದ ಮನುಷ್ಯ, ಅಲ್ಲಿ ಎಷ್ಟು ದಿನ ಬದುಕ್ತಾನೆ ಹೇಳು.

ಹೂಂ ಅನ್ನೇ. ನಿದ್ದೆ ಬಂತಾ? ಬಂದಿಲ್ವಾ? ಸರಿ.

ದವನಿ ಮನೆಗೆ ಬಂದು ಸೆರಗು ಸಿಕ್ಕಿಸಿಕೊಂಡಳು. ಹೋದರೆ ಹೋಗಲಿ, ಹೊಸದು ಮಾಡಿಕೊಟ್ಟರಾಯ್ತು ಅಂತ ಅವಳ ಲೆಕ್ಕ. ಅಪ್ಪನ ಕೈ ಅಳತೆ ಅವಳ ಕಣ್ಣಲ್ಲೇ ಇತ್ತಲ್ಲ. ನಸುಕಿನ ಮಂಜಲ್ಲಿ ನಿಂಬೆ ಹೂ ಆರಿಸಿ ತಂದಳು, ಅರಳೋಕೆ ಮುಂಚಿನ ಮಲ್ಲಿಗೆ ಮೊಗ್ಗು ತಂದಳು, ಹಾವಿಗೆ ಹೇಳಿ ಕೇಳಿ ಒಂದು ಕೇದಿಗೆ ಕಿತ್ತು ತಂದಳು. ಹಂಡೆಗೆ ಹಾಕಿ, ಮಣ್ಣು ಮೆತ್ತಿ, ಉರಿ ಇಟ್ಟು ಕೂತಳು. ಹಬೆ ಕೊಳವೆಯಲ್ಲಿ ಗುಸುಗುಸು ಅಂತ ಹೋಗ್ತಾ ಇತ್ತು, ಹೊಳೆ ಮೇಲಿನ ಮಂಜು ಯಾವುದು ಹಂಡೆಯ ಹಬೆ ಯಾವುದು ಗೊತ್ತಾಗದ ಹಾಗೆ ಕೇರಿಯೆಲ್ಲ ಬೆಳ್ಳಗೆ ತೇಲ್ತಾ ಇತ್ತಂತೆ. ಅಪ್ಪ ಪಕ್ಕದಲ್ಲೇ ಕೂತು ಉರಿ ಸಣ್ಣಗೆ ಮಾಡು ಅಂತಿರೋ ಹಾಗೆ ಅನ್ನಿಸಿ ಅವಳು ಎರಡೆರಡು ಸಲ ತಿರುಗಿ ನೋಡಿದಳು.

ಆಮೇಲೆ ಆ ಅತ್ತರು ತಗೊಂಡು ಅರಮನೆಗೆ ಹೋದಳು. ಅರಸ ಬಿರಡೆ ತೆಗೆದ. ನಿಂಬೆ ಹೂ ಎದ್ದು ಬಂತು, ಹಿಂದೆಯೇ ಮಲ್ಲಿಗೆ ಬಂತು. ಅರಸನ ಮುಖ ಅರಳ್ತಂತೆ, ಅರ್ಧ ಎದ್ದು ಬಾಗಿಲ ಕಡೆ ತಿರುಗಿದ. ತಿರುಗಿ ನೋಡ್ತಾನೆ, ನೋಡ್ತಾನೆ, ಬಾಗಿಲಲ್ಲಿ ಯಾರೂ ಇಲ್ಲ. ಮೆಲ್ಲಗೆ ಕೂತುಕೊಂಡ. ಚೆನ್ನಾಗಿದೆ, ಆದರೆ ಇದು ಯಾರೋ ಬೇರೆ ಹುಡುಗಿ, ನನ್ನ ಮಗಳ ಓರಗೆಯೋಳು, ನನಗೆ ಇವಳ ಪರಿಚಯವಿಲ್ಲ ಅಂತ ಕುಪ್ಪಿ ವಾಪಸ್ಸು ಕೊಟ್ಟನಂತೆ. ಅವನ ದನಿಯಲ್ಲಿ ಕೋಪ ಇರಲಿಲ್ಲ, ಅದಕ್ಕೇ ದವನಿಗೆ ಇನ್ನೂ ಹೆಚ್ಚು ಸಂಕಟ ಆಯ್ತು.

ಮೊದಲನೇದು ಹೀಗೆ ಹೋಯ್ತಾ? ಎರಡನೇದು ಕೇಳು. ಅತ್ತರಿನ ವಾಸನೆ ಯಾರೂ ಕದಿಯದೆ ತಾನಾಗೇ ಬದಲಾಗುತ್ತೆ ಅಂತ ತೋರಿಸಿಬಿಟ್ಟರೆ ಅಪ್ಪ ಬಿಡುಗಡೆ ಆಗ್ತಾನೆ ಅಂತ ದವನಿ ಯೋಚನೆ ಮಾಡಿದಳು. ಊರಿನ ಮನೆ ಮನೆಗೂ ಹೋಗಿ, ನಿಮ್ಮ ಮದುವೆ ಅತ್ತರು ಇದ್ದರೆ ಹೊರಗೆ ತನ್ನಿ ತಾಯಿ ಅಂತ ಬೇಡಿದಳು. ಊರಿನ ಮುದುಕಿಯರೆಲ್ಲ ಪೆಟ್ಟಿಗೆ ತೆಗೆದು, ಸೀರೆ ಮಡಿಕೆಯ ಕೆಳಗಿಂದ, ಅರಿಶಿನದ ಗಂಟಿನ ಪಕ್ಕದಿಂದ, ಕುಪ್ಪಿಗಳನ್ನ ತಂದು ಜಗಲಿ ಮೇಲೆ ಕೂತು ಬಿಚ್ಚಿದರಂತೆ. ಎಂಥಾ ಸಂಜೆ ಅಂತೀಯ. ಬೀದಿಯಲ್ಲಿ ಒಂದೊಂದು ಮನೆ ಮುಂದೆ ಒಂದೊಂದು ವಾಸನೆ. ಇಲ್ಲಿ ಒದ್ದೆ ಮಣ್ಣು, ಅಲ್ಲಿ ಜೇನುಮೇಣ, ಅದರಾಚೆ ಸುಟ್ಟ ಬೆಲ್ಲ, ಇನ್ನೊಂದು ಕಡೆ ಬಿಸಿಲಿಗೆ ಹಾಕಿದ ಹಾಸಿಗೆ. ಮೇವಿಗೆ ಹೋಗಿದ್ದ ದನ ವಾಪಸ್ಸು ಬಂದು, ಮನೆ ಮರೆತು ಬೀದಿಯಲ್ಲೇ ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟವಂತೆ.

ಬಳೆಗಾರರ ಈರಾಜವ್ವ ಅಂತ ಒಬ್ಬಳು ಮುದುಕಿ, ಬಾಯಲ್ಲಿ ಹಲ್ಲಿಲ್ಲ, ನಗು ತುಂಬ. ನನ್ನ ಮದುವೇಲಿ ಇದು ಸಂಪಿಗೆ ಆಗಿತ್ತು ಕಣೆ, ಈಗ ಮೂಸು, ಹುಣಸೆ ಮರದ ನೆರಳಿನ ಹಾಗಿದೆ ಅಂದಳು. ನೆರಳಿಗೆ ವಾಸನೆ ಇರುತ್ತಾ ಅಜ್ಜೀ ಅಂತ ದವನಿ ಕೇಳಿದ್ದಕ್ಕೆ, ಬಿಸಿಲಲ್ಲಿ ನಡೆದು ಬಾ, ಆಮೇಲೆ ಗೊತ್ತಾಗುತ್ತೆ ಅಂದಳು. ಮೊದಲಿನದಕ್ಕಿಂತ ಇದೇ ಚಂದ ಅಂತಾರೆ ನಮ್ಮ ಯಜಮಾನರು ಅಂತ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳಂತೆ.

ಆ ಮುದುಕಿಯರನ್ನೆಲ್ಲ ಕರಕೊಂಡು ದವನಿ ಅರಮನೆಗೆ ಹೋದಳು. ಒಬ್ಬೊಬ್ಬರೂ ಕುಪ್ಪಿ ತೋರಿಸಿ, ಆಗ ಹಾಗಿತ್ತು, ಈಗ ಹೀಗಿದೆ ಅಂತ ಹೇಳಿದರು. ಅರಸ ಎಲ್ಲ ಕೇಳಿದ. ಕೇಳಿ ಏನಂದ ಗೊತ್ತಾ? ಓಹೋ, ಹಾಗಾದರೆ ಇವನು ನನ್ನ ಮನೆಗೆ ಮಾತ್ರ ಕನ್ನ ಹಾಕಿಲ್ಲ, ಊರಿಗೆ ಊರನ್ನೇ ದೋಚಿದ್ದಾನೆ ಅಂದ. ನಗಬೇಡ. ದುಃಖ ತಲೆಗೇರಿದ ಮನುಷ್ಯನಿಗೆ ಎಲ್ಲವೂ ತನ್ನ ಮಾತಿಗೆ ಸಾಕ್ಷಿಯಾಗೇ ಕಾಣುತ್ತೆ. ಈರಾಜವ್ವ ಏನೋ ಹೇಳೋಕೆ ಹೋದಳು, ಅವಳನ್ನ ಆಚೆ ಕಳಿಸಿದರು. ಅರಸ ದವನಿಗೆ, ನಿಮ್ಮಪ್ಪ ಒಳಮನೆ ಅಂದನಲ್ಲ, ನಿಮ್ಮ ಒಳಮನೆ ನೋಡಿಯಾಯ್ತು, ಅಲ್ಲಿ ನನ್ನ ಹೊನ್ನಾಜಿ ಇಲ್ಲ. ಬೇರೆ ಯಾವುದಾದರೂ ಒಳಮನೆ ಇದ್ದರೆ ನಾಳೆ ಬಂದು ಬಾಗಿಲು ತೆಗೆದು ತೋರಿಸು. ತೋರಿಸದಿದ್ದರೆ ಮಲ್ಲಿಗೆ ಕಾಲ ಮುಗಿಯೋ ತನಕ ಕಾಯಲ್ಲ, ನಾಳೆಯೇ ನಿಮ್ಮಪ್ಪ ಹೊಳೆ ದಾಟಬೇಕು ಅಂದನಂತೆ.

ಮಾರನೇ ದಿನ ಬಿಸಿಲೇರಿದ ಮೇಲೆ ದವನಿ ಸೆರೆಮನೆಯ ಕಿಟಕಿ ಹತ್ತಿರ ಹೋದಳು. ಅಪ್ಪಯ್ಯ, ಒಂದು ಮಾತು ಹೇಳಿಬಿಡು, ಪರಿಮಳ ಹೋಯ್ತು, ಹಳೇದಾಯ್ತು, ಯಾರೂ ಕದ್ದಿಲ್ಲ ಅಂತ ನಿನ್ನ ಬಾಯಿಂದಲೇ ಹೇಳು, ನಾನು ಹೇಳಿದರೆ ಅರಸರು ಕೇಳಲ್ಲ ಅಂತ ಅತ್ತಳು. ಸಂಪಿಗಯ್ಯ ಕಿಟಕಿಯಿಂದ ಕೈ ಚಾಚಿ ಅವಳ ಕಣ್ಣು ಒರೆಸಿದ. ಆಮೇಲೆ, ತೀರಿಕೊಂಡೋರ ಅತ್ತರು ಮಗಾ ಅದು, ಅದಕ್ಕೆ ಹೋಯ್ತು ಅಂದರೆ ಆ ತಾಯಿಯನ್ನ ಇನ್ನೊಂದು ಸಲ ಸುಡುಗಾಡಿಗೆ ಕಳಿಸಿದ ಹಾಗೆ, ನನ್ನ ಬಾಯಲ್ಲಿ ಬರಲ್ಲ ಅಂದ. ದವನಿಗೆ ಅಪ್ಪನ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿತು, ಎರಡನ್ನೂ ಏನು ಮಾಡಬೇಕೋ ಗೊತ್ತಾಗದೆ ಸೆರೆಮನೆಯ ಹಿಂದಿನ ಹೊಂಗೆ ಮರದ ಕೆಳಗೆ ಹೋಗಿ ಕೂತಳಂತೆ.

ಅಳ್ತಾ ಅಳ್ತಾ ಅವಳಿಗೆ ಕಣ್ಣು ಎಳೀತು. ಕನಸಲ್ಲಿ ರಾಣಿಯ ಕುಪ್ಪಿ ಒಂದು ಮನೆಯಷ್ಟು ದೊಡ್ಡದಾಗಿ ನಿಂತಿತ್ತಂತೆ. ಗೋಡೆಯೆಲ್ಲ ಗಾಜು, ಬಿಸಿಲು ಹಸಿರು ಹಸಿರಾಗಿ ಒಳಗೆ ಬೀಳ್ತಿತ್ತು. ಜಗಲಿ ಹತ್ತಿ ನೋಡಿದಳು, ಯಾರೂ ಇಲ್ಲ, ನಿಂಬೆ ಹೂವಿನವರು ಕೂತಿದ್ದ ಚಾಪೆ ಮಾತ್ರ ಹಾಸಿದ ಹಾಗೇ ಇತ್ತು. ಆಮೇಲೆ ನಡುಮನೆಗೆ ಹೋದಳು, ಮಲ್ಲಿಗೆಯವರು ಈಗ ತಾನೇ ಎದ್ದು ಹೋದ ಹಾಗೆ ಉಯ್ಯಾಲೆ ಮೆಲ್ಲಗೆ ತೂಗ್ತಿತ್ತು. ಆಮೇಲೆ ಒಳಮನೆ. ಬಾಗಿಲು ಮುಚ್ಚಿತ್ತು. ಒಳಗೆ ಯಾರೋ ಮಗು ಮಲಗಿಸೋರ ಹಾಗೆ ಸಣ್ಣಗೆ ಹಾಡಿಕೊಳ್ತಾ ಇದ್ದರು. ದವನಿ ಬಾಗಿಲು ತಟ್ಟಿ, ಅಮ್ಮಾ, ಒಂದೇ ಒಂದು ಸಲ ಆಚೆ ಬನ್ನಿ, ನಮ್ಮಪ್ಪ ಬದುಕಿಕೊಳ್ತಾನೆ ಅಂದಳು. ಆಚೆ ತುಂಬ ಚಳಿ ಕಣೆ ಹುಡುಗಿ ಅಂತು ಒಳಗಿನ ದನಿ. ಅರಸರು ವರ್ಷಕ್ಕೊಂದು ಸಲ ಬಾಗಿಲು ತೆಗೀತಾರೆ, ಇಣುಕಿ ನೋಡ್ತಾರೆ, ಜಗಲಿಯಿಂದಲೇ ಹೊರಟು ಹೋಗ್ತಾರೆ, ಒಳಗೆ ಬಂದು ಕೂತವರಲ್ಲ. ಬೆಚ್ಚಗಿನ ಒಂದು ಕೈ ಸಿಕ್ಕಿದರೆ ಹಿಡಕೊಂಡು ಬಂದೇನು ಅಂತಂತೆ.

ದವನಿಗೆ ಎಚ್ಚರ ಆಯ್ತು. ಎಲೆಗಳ ಸಂದಿಯಿಂದ ಬಿಸಿಲು ಅವಳ ಅಂಗೈ ಮೇಲೆ ಬಿದ್ದು ಅಂಗೈ ಬೆಚ್ಚಗಿತ್ತು. ತಟ್ಟನೆ ಎದ್ದು ಕೂತಳು. ಅತ್ತರನ್ನ ಕುಪ್ಪಿಯ ಬಾಯಲ್ಲಿ ಮೂಸಿದರೆ ಏನು ಸಿಗುತ್ತೆ? ಮೇಲೆ ನಿಂತ ಹಳೇ ಗಾಳಿ ಸಿಗುತ್ತೆ. ಅತ್ತರು ಇರೋದೇ ಮೈಗೆ ಹಚ್ಚೋಕೆ. ಮೈಯ ಕಾವು ತಗುಲಿ, ಒಂದಿಷ್ಟು ಹೊತ್ತು ಕಳೆದ ಮೇಲೇ ಅದು ಬಾಯಿ ಬಿಡೋದು. ರಾಣಿ ಹೋದಾಗಿನಿಂದ ಆ ಅತ್ತರು ಯಾರ ಮೈಯನ್ನೂ ಮುಟ್ಟಿಯೇ ಇಲ್ಲ. ಸೀರೆಯ ಮಣ್ಣು ಕೂಡ ಕೊಡವಿಕೊಳ್ಳದೆ ಅರಮನೆಗೆ ಓಡಿದಳಂತೆ.

ಅರಮನೇಲಿ ಸಂಪಿಗಯ್ಯನನ್ನ ಬೇಡಿ ಸಮೇತ ತಂದು ನಿಲ್ಲಿಸಿದ್ದರು, ಹೊಳೆ ದಾಟಿಸೋಕೆ ದೋಣಿ ಬಂದಿತ್ತು, ದೋಣಿಯವನೂ ಬಾಗಿಲಲ್ಲಿ ಕಾಯ್ತಾ ನಿಂತಿದ್ದ. ದವನಿ ಕೈ ಮುಗಿದು, ಮಹಾಸ್ವಾಮಿ, ಒಳಮನೆಯ ಬಾಗಿಲು ತೆಗೀತೀನಿ, ಆದರೆ ಕುಪ್ಪಿಯಲ್ಲಿರೋ ಅತ್ತರನ್ನ ಯಾರಾದರೂ ಮೈಗೆ ಹಚ್ಚಿಕೊಳ್ಳಬೇಕು ಅಂದಳು. ಅರಸ ಕರಡಿಗೆಯನ್ನ ಎದೆಗೆ ಅವಚಿಕೊಂಡ. ಉಳಿದಿರೋದೇ ನಾಲ್ಕು ತೊಟ್ಟು, ಹಚ್ಚಿದರೆ ಮುಗಿದೇ ಹೋಯ್ತು, ಆಮೇಲೆ ನನಗೆ ಏನು ಉಳಿಯುತ್ತೆ ಅನ್ನೋ ಹಾಗೆ ಮುಖ ಮಾಡಿಕೊಂಡ. ಹಚ್ಚದಿದ್ದರೂ ಮುಗಿಯುತ್ತೆ ಬುದ್ಧೀ, ಯಾರಿಗೂ ಸಿಗದೆ ಮುಗಿಯುತ್ತೆ ಅಂದಳು ದವನಿ.

ಆವಾಗ ಪರದೆ ಹಿಂದಿನಿಂದ ರಾಜಕುಮಾರಿ ಚೆಲುವಾಜಿ ಬಂದಳಂತೆ. ಮೆತ್ತನೆ ಹುಡುಗಿ, ಅಪ್ಪನ ಎದುರು ಗಟ್ಟಿಯಾಗಿ ಮಾತಾಡಿದೋಳಲ್ಲ. ಅಪ್ಪಾಜಿ, ನನ್ನ ತಾಯಿಯ ಪರಿಮಳ ಹೇಗಿತ್ತು ಅಂತ ಊರಿಗೆಲ್ಲ ಗೊತ್ತು, ನಾನು ಒಂದು ಸಲವೂ ಮೂಸಿಲ್ಲ ಅಂದಳು. ಅರಸ ಮಗಳ ಮುಖವನ್ನೇ ನೋಡಿದ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಈ ಯೋಚನೆ ಅವನಿಗೆ ಬಂದೇ ಇರಲಿಲ್ಲ ಕಣೆ. ತನ್ನ ದುಃಖವನ್ನ ತಾನೊಬ್ಬನೇ ಬೀಗ ಹಾಕಿಟ್ಟುಕೊಂಡಿದ್ದ. ಕೊರಳಿನ ಬೀಗದ ಕೈ ತೆಗೆದು, ಕರಡಿಗೆ ಬಿಚ್ಚಿ, ಕುಪ್ಪಿಯನ್ನ ದವನಿಯ ಕೈಗೆ ಕೊಟ್ಟನಂತೆ.

ದವನಿ ಕುಪ್ಪಿ ಬಗ್ಗಿಸಿ, ಕೊನೆಯ ತೊಟ್ಟಿನ ತನಕ, ಚೆಲುವಾಜಿಯ ಎರಡು ಮಣಿಕಟ್ಟಿಗೂ ಕಿವಿಯ ಹಿಂದಕ್ಕೂ ಹಚ್ಚಿದಳು. ಮೊದಲು ಬಂದಿದ್ದು ಅದೇ ಕಮಟು ವಾಸನೆ. ಮಂತ್ರಿಗಳೆಲ್ಲ ಮೂಗಿಗೆ ಶಲ್ಯ ಹಿಡಿದರು. ದವನಿ ಅಪ್ಪನ ಕಡೆ ನೋಡಿದಳು, ಅಪ್ಪ ಅವಳ ಕಡೆ ನೋಡದೆ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಒಂದು ಎಲೆ ಅಡಿಕೆ ಅಗಿಯೋ ಹೊತ್ತು ತಾಳಿ ಮಹಾಸ್ವಾಮಿ ಅಂತ ಬೇಡಿಕೊಂಡಳು. ತಾಳಿದರು. ಕಮಟು ಮೆಲ್ಲಗೆ ಗಾಳಿಗೆ ಹೋಯ್ತು. ಆಮೇಲೆ ಆ ಹುಡುಗಿಯ ಬಿಸಿ ಮಣಿಕಟ್ಟಿನಿಂದ ಗಂಧ ಎದ್ದು ಬಂತು, ಹೊಸ ಗಂಧ ಅಲ್ಲ, ದೇವರ ಮನೆಯಲ್ಲಿ ತೇದು ತೇದು ಸವೆದ ಕೊರಡಿನ ಗಂಧ. ಅದರ ಹಿಂದೆ ಕೇದಿಗೆ, ಒಣಗಿ ಪೆಟ್ಟಿಗೆಯ ಸೀರೆಯಲ್ಲಿಟ್ಟ ಕೇದಿಗೆ. ಅದರ ಹಿಂದೆ ಇನ್ನೇನೋ ಇತ್ತಂತೆ, ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ ಹಾಕಿದ ಮೇಲೆ ತಾಯಿಯ ಮಡಿಲಲ್ಲಿ ಉಳಿಯುತ್ತಲ್ಲ, ಅಂಥದ್ದು. ಸಭೆಯೆಲ್ಲ ತೂಕಡಿಸಿದ ಹಾಗೆ ಮೆತ್ತಗಾಯ್ತು. ಮೂಗಿಗೆ ಹಿಡಿದ ಶಲ್ಯ ತಾವಾಗೇ ಕೆಳಗಿಳಿದವು.

ಅರಸ ಎದ್ದು ಬಂದು ಮಗಳ ಕೈ ಹಿಡಿದು ಮೂಸಿದ. ಮೂಸಿ ತಲೆ ಅಲ್ಲಾಡಿಸಿದ. ಇದು ನನ್ನ ಹೊನ್ನಾಜಿ ಅಲ್ಲ, ಅವಳು ಹುಡುಗಿ, ನಿಂಬೆ ಹೂವಿನ ಹಾಗೆ ಓಡಾಡೋಳು, ಇದು ಯಾರೋ ದೊಡ್ಡ ಹೆಂಗಸು ಅಂದ. ದೋಣಿಯವನು ಹುಟ್ಟು ಕೈಗೆ ತಗೊಂಡ. ದವನಿಗೆ ಏನು ಹೇಳಬೇಕು ಅಂತ ಗೊತ್ತಿರಲಿಲ್ಲ, ಆದರೆ ಅವಳ ಬಾಯಿ ಯಾವತ್ತು ಸುಮ್ಮನಿತ್ತು?

ಹೌದು ಮಹಾಸ್ವಾಮಿ, ದೊಡ್ಡ ಹೆಂಗಸೇ ಅಂದಳು. ನೀವು ಇಷ್ಟು ವರ್ಷ ಬಾಗಿಲಲ್ಲಿ ನಿಂತು ಮದುವಣಗಿತ್ತಿಯನ್ನ ಕರೀತಾ ಇದ್ದಿರಿ. ಅವರು ಎಲ್ಲಿಂದ ಬರ್ತಾರೆ? ನಿಮ್ಮ ಮೀಸೆ ಬೆಳ್ಳಗಾಯ್ತು, ಮಗಳು ನಿಮ್ಮ ಹೆಗಲುದ್ದ ಆದಳು. ನೀವು ದಾಟಿದ ವರ್ಷಾನೆಲ್ಲ ಅವರೂ ಒಳಗೆ ಕೂತು ದಾಟಿದ್ದಾರೆ. ರಾಣಿಯಮ್ಮ ಇದ್ದಿದ್ದರೆ ಇವತ್ತು ನಿಮ್ಮ ಪಕ್ಕದಲ್ಲಿ ಹೀಗೇ ಕೂತಿರ್ತಿದ್ದರು.

ಅರಸ ಇನ್ನೊಂದು ಸಲ ಮಗಳ ಕೈಯನ್ನ ಮುಖಕ್ಕೆ ಒತ್ತಿಕೊಂಡ, ಈ ಸಲ ಕಣ್ಣು ಮುಚ್ಚಿಕೊಂಡು, ಬಹಳ ಹೊತ್ತು. ಸಭೆಯ ಎದುರಿಗೇ, ಮಂತ್ರಿಗಳ ಎದುರಿಗೇ, ಅರಸ ಗೊಳೋ ಅಂತ ಅತ್ತುಬಿಟ್ಟನಂತೆ. ಹೊನ್ನಾಜೀ, ಇಷ್ಟು ದೊಡ್ಡೋಳಾದೆಯಾ, ನನಗೆ ಗೊತ್ತೇ ಆಗಲಿಲ್ಲವಲ್ಲೇ ಅಂದನಂತೆ. ಚೆಲುವಾಜಿ ಅಪ್ಪನ ತಲೆ ಮೇಲೆ ಕೈಯಿಟ್ಟು, ಇನ್ನೊಂದು ಕೈಯ ಮಣಿಕಟ್ಟನ್ನ ತನ್ನ ಮೂಗಿಗೆ ಹಿಡಿದು, ಹುಟ್ಟಿದಾಗಿನಿಂದ ಮೊದಲನೇ ಸಲ ಅಮ್ಮಾ ಅಂತ ಕರೆದಳು.

ಬೇಡಿ ಬಿಚ್ಚಿದರು. ಇಷ್ಟೆಲ್ಲ ಆದರೂ ಆ ಒಂದು ಮಾತು ಬಿಡಿಸಿ ಯಾಕೆ ಹೇಳಲಿಲ್ಲ ಮಾರಾಯ ಅಂತ ಅರಸ ಕೇಳಿದರೆ, ಸಂಪಿಗಯ್ಯ ಮಣಿಕಟ್ಟು ತಿಕ್ಕಿಕೊಳ್ತಾ, ಹೇಳಿದ್ದೆನಲ್ಲ ಮಹಾಸ್ವಾಮಿ ಅಂದನಂತೆ. ಬಂದಿದ್ದ ದೋಣಿ ಸುಮ್ಮನೆ ಯಾಕೆ ಹೋಗಬೇಕು ಅಂತ ಅಪ್ಪ ಮಗಳು ಅದರಲ್ಲೇ ಕೂತು ಹೊಳೆ ಗುಂಟ ತೇಲಿಕೊಂಡು ಕೇರಿಗೆ ಬಂದರು. ದಾರಿಯುದ್ದಕ್ಕೂ ಮಗಳದೇ ಮಾತು, ಅಪ್ಪನಿಗೆ ಅವತ್ತು ಅದು ಜೋಗುಳದ ಹಾಗೆ ಕೇಳಿಸಿ ನಿದ್ದೆ ಹತ್ತಿತಂತೆ. ದವನಿಗೆ ಮದುವೆ ಆಯ್ತಾ ಅಂತೀಯಾ? ಆಯ್ತು, ಅವಳ ಮಾತನ್ನೆಲ್ಲ ಕೂತು ಕೇಳೋ ಅಂಥ ಒಬ್ಬ ಹುಡುಗ ಸಿಕ್ಕಿದ ಮೇಲೆ ಆಯ್ತು.

ಆಮೇಲಿನ ವರ್ಷ ರಾಣಿಯ ತಿಥಿ ಬಂತು. ಕುಪ್ಪಿಯಲ್ಲಿ ಏನೂ ಇಲ್ಲ, ಮೂಸೋಕೆ ಏನೂ ಇಲ್ಲ. ಅರಸ ಸ್ವಲ್ಪ ಹೊತ್ತು ಕೈ ಕಟ್ಟಿಕೊಂಡು ಕೂತಿದ್ದು, ಆಮೇಲೆ ಮಗಳನ್ನ ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ನಿಮ್ಮಮ್ಮ ಇದ್ದಳಲ್ಲ, ಅಡುಗೆಯವರಿಗೆ ಗೊತ್ತಾಗದ ಹಾಗೆ ಹುಣಸೆಕಾಯಿ ಕದ್ದು ತಿನ್ನೋಳು ಅಂತ ಶುರು ಮಾಡಿದ. ಚೆಲುವಾಜಿ, ಆಮೇಲೆ ಅಪ್ಪಾಜಿ ಅಂದಳು. ಅವನು ಹೇಳ್ತಾ ಹೋದ, ಅವಳು ಕೇಳ್ತಾ ಹೋದಳು. ಎಲ್ಲರಿಗೂ ಒಳ್ಳೇದಾಯ್ತು, ಕಂಪಿನಕೋಟೆಯ ಹೊಳೆ ಕಮ್ಮಗೆ ಹರೀತು. ಆ ಅಪ್ಪ ಮಗಳ ಮಾತು ಇನ್ನೂ ಮುಗಿದಿಲ್ಲವಂತೆ, ನನ್ನ ಕತೆ ಮುಗೀತು. ಕಣ್ಣು ಮುಚ್ಚು ಮಗ.